ಕೋಟಿನ ಕೆಳಗಿದ್ದ ಸಿಪಾಯಿ

1979ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸು ಪಾಸಾಗಿತ್ತು, ಎಂಟಕ್ಕೆ ಹೋಗಲಿಲ್ಲ. ಅದೇ ಬೇಸಿಗೆಯಲ್ಲಿ ಹೊಳೆನರಸೀಪುರದ ಒಂದು ಫೋಟೊ ಸ್ಟುಡಿಯೊಗೆ ಕಸ ಗುಡಿಸಲು ಸೇರಿದೆ. ಓದು ಬಿಟ್ಟೆನೆಂದು ನಾಚಿಕೊಂಡವನಲ್ಲ ನಾನು. ಗುಡಿಸುವ ಕೆಲಸದಿಂದ ಡಾರ್ಕ್‌ರೂಮಿಗೆ, ಅಲ್ಲಿಂದ ಕ್ಯಾಮೆರಾಕ್ಕೆ, ಕೊನೆಗೆ ಅದೇ ಸ್ಟುಡಿಯೊದ ಮಾಲೀಕತ್ವಕ್ಕೆ ಬಂದೆ. ಯಾರ ಶಿಫಾರಸ್ಸೂ ಇರಲಿಲ್ಲ. ಈಗಲೂ ಚನ್ನರಾಯಪಟ್ಟಣ, ಅರಕಲಗೂಡಿನ ಸ್ಟುಡಿಯೊಗಳವರು ಕೆಟ್ಟುಹೋದ ಹಳೇ ಫೋಟೊ ಬಂದರೆ ನನ್ನ ಅಂಗಡಿಯ ದಾರಿಯನ್ನೇ ತೋರಿಸುತ್ತಾರೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ನನಗೆ ಕೆಲಸ ಕಲಿಸಿದವರು ಆರ್ಟಿಸ್ಟ್ ರಂಗಪ್ಪನವರು. ಆ ಕಾಲದ ಪದ್ಧತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಯಾರಾದರೂ ತಮ್ಮ ಮನೆಯ ಹಿರಿಯರ ಅಂಗೈಯಗಲದ ಫೋಟೊ ತಂದುಕೊಟ್ಟರೆ ಅದನ್ನು ಬ್ರೋಮೈಡ್ ಕಾಗದದ ಮೇಲೆ ದೊಡ್ಡದಾಗಿ ಪ್ರಿಂಟ್ ಹಾಕುತ್ತಿದ್ದೆವು. ಬರಿಮೈಯಲ್ಲಿದ್ದವರನ್ನು, ಹರಿದ ಅಂಗಿಯವರನ್ನು ಹಾಗೇ ಗೋಡೆಗೆ ಹಾಕಲು ಮನೆಯವರಿಗೆ ಇಷ್ಟವಿರುತ್ತಿರಲಿಲ್ಲ. ಆಗ ರಂಗಪ್ಪನವರು ಗೋಂದು ಕಲೆಸಿದ ದಪ್ಪ ಬಣ್ಣದಲ್ಲಿ ಪ್ರಿಂಟಿನ ಮೇಲೆಯೇ ಕರಿ ಕೋಟು, ಜರಿ ಪೇಟ ಬರೆದುಬಿಡುತ್ತಿದ್ದರು. ಇದಕ್ಕೆ ಟಚಿಂಗ್ ಎನ್ನುತ್ತಿದ್ದೆವು. ಅವರಿಗೆ ಬರುತ್ತಿದ್ದದ್ದು ಒಂದೇ ಕೋಟು: ಮೂರು ಗುಂಡಿ, ಎಡಗಡೆ ಜೇಬಿನಿಂದ ಇಳಿದ ಗಡಿಯಾರದ ಸರಪಳಿ. ಪೇಟದ ಮಡಿಕೆಗಳೂ ಒಂದೇ ಥರ. ಹೀಗಾಗಿ ಈ ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಒಂದೇ ಕೋಟು ತೊಟ್ಟ ಹಿರಿಯರು ಗೋಡೆಯ ಮೇಲೆ ಕೂತಿದ್ದಾರೆ. ಮನೆಯವರಿಗೆ ಅದು ಗೊತ್ತಿಲ್ಲ.

2022ರಲ್ಲಿ, ಗೌರಿ ಹಬ್ಬ ಕಳೆದ ವಾರ, ಚನ್ನರಾಯಪಟ್ಟಣದ ಕಡೆಯಿಂದ ಒಬ್ಬ ಅಜ್ಜಿ ಮತ್ತು ಅವರ ಮಗ ನನ್ನ ಅಂಗಡಿಗೆ ಬಂದರು. ಅಜ್ಜಿಯ ಹೆಸರು ಲಕ್ಕಮ್ಮ, ವಯಸ್ಸು ಎಂಬತ್ತರ ಹತ್ತಿರ. ಮಗ ಪುಟ್ಟರಾಜು ತೆಂಗಿನಕಾಯಿ ವ್ಯಾಪಾರದವನು. ಹಳೇ ಸೀರೆಯಲ್ಲಿ ಸುತ್ತಿದ್ದ ಫೋಟೊವನ್ನು ಅಜ್ಜಿ ಮೇಜಿನ ಮೇಲಿಟ್ಟರು.

"ಫ್ರೇಮ್ನ ಗೆದ್ದಲು ತಿಂದ್ಬುಟ್ಟದೆ ಕಣಪ್ಪ. ಒಸದು ಆಕ್ಕೊಡು. ಫೋಟೊ ಮಾತ್ರ ಮುಟ್ಬ್ಯಾಡ."

ಫ್ರೇಮ್ ಹಾಕುವವನು ಕೇಳಲೇಬೇಕಾದ ಒಂದು ಪ್ರಶ್ನೆಯಿದೆ. ತೀರಿಕೊಂಡವರ ಫೋಟೊ ಆದರೆ ಹಾರ ಹಾಕಲು ಮೇಲೆ ಎರಡು ಕೊಂಡಿ ಕೂರಿಸುತ್ತೇವೆ. ಬದುಕಿರುವವರ ಫೋಟೊಗೆ ಕೂರಿಸುವುದಿಲ್ಲ. "ಹಾರದ ಕೊಂಡಿ ಹಾಕ್ಲಾ ಅವ್ವ?" ಎಂದೆ.

"ಆಕಿ ಅಣ್ಣ" ಎಂದ ಮಗ. "ಬ್ಯಾಡ" ಎಂದರು ತಾಯಿ. ಎರಡೂ ಒಟ್ಟಿಗೇ ಬಂತು.

"ಅವ್ವ, ತಾತ ಬದ್ಕಿದ್ರೆ ಈಗ ನೂರು ದಾಟಿರೋದು. ಇನ್ನೇನು ಬಸ್ಸಿಳ್ಕೊಂಡು ಬತ್ತನಾ?"

"ಸತ್ತಿರೋದು ನಂಗೂ ಗೊತ್ತು ಕಣ್ಲಾ. ಯಾರ ಗಂಡನಾಗಿ ಸತ್ತ ಅಂತ ಗೊತ್ತಾ ನಿಂಗೆ?"

ನಾನು ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ ಟೀ ತರಿಸಿದೆ. ಟೀ ಮುಗಿಯುವುದರೊಳಗೆ ವಿಷಯ ಗೊತ್ತಾಯಿತು.

ಫೋಟೊದಲ್ಲಿದ್ದವರು ಲಕ್ಕಮ್ಮನ ತಂದೆ ತಿಮ್ಮಯ್ಯ. ಅರಕಲಗೂಡಿನ ಕಡೆಯ ಹಳ್ಳಿಯವರು. ಎರಡನೇ ಮಹಾಯುದ್ಧದ ಕಾಲದಲ್ಲಿ, ಹೆಂಡತಿ ಕೆಂಪಮ್ಮ ಬಸುರಿಯಾಗಿದ್ದಾಗ, ಸೈನ್ಯಕ್ಕೆ ಸೇರಿ ಬರ್ಮಾ ಕಡೆಗೆ ಹೋದರು. ಕೆಂಪಮ್ಮ ಚೊಚ್ಚಲ ಹೆರಿಗೆಗೆ ಹೊಳೆನರಸೀಪುರದ ಹತ್ತಿರದ ತವರಿಗೆ ಬಂದರು. ಲಕ್ಕಮ್ಮ ಹುಟ್ಟಿದ್ದು ಅಲ್ಲಿ, ಬೆಳೆದದ್ದೂ ಅಲ್ಲೇ. ಯುದ್ಧ ಮುಗಿಯಿತು. ಗಂಡ ಬರಲಿಲ್ಲ, ಸುದ್ದಿಯೂ ಬರಲಿಲ್ಲ.

ಲಕ್ಕಮ್ಮನ ಮದುವೆ ಗೊತ್ತಾದಾಗ ಗಂಡಿನ ಕಡೆಯವರು ಅಪ್ಪ ಎಲ್ಲಿ ಎಂದು ಕೇಳಿದರಂತೆ. ಕೆಂಪಮ್ಮ ಈ ಫೋಟೊ ತೋರಿಸಿ, ದೂರದೇಶದಲ್ಲಿ ವ್ಯಾಪಾರದಲ್ಲಿದ್ದಾರೆ ಎಂದುಬಿಟ್ಟರು. ಮದುವೆಯೇನೋ ಆಯಿತು, ಅಪ್ಪ ಸಿಪಾಯಿಯಾಗಿ ಹೋದವರೆಂಬುದೂ ಆಮೇಲೆ ಬಯಲಾಯಿತು. ಆದರೆ ಅದೇ ಫೋಟೊ ಮಗಳ ಬೆನ್ನು ಹತ್ತಿತು. ಲಕ್ಕಮ್ಮನ ನಾದಿನಿ ಜವರಮ್ಮ ಮದುವೆಯಾಗಿ ಅದೇ ಊರಿನ ಅದೇ ಬೀದಿಯಲ್ಲಿದ್ದವಳು. ಜಗಳ ಬಂದಾಗಲೆಲ್ಲ ಅವಳದು ಒಂದೇ ಮಾತು.

"ರಂಗೂನಾಗೆ ಇನ್ನೊಬ್ಳುನ್ನ ಕಟ್ಕೊಂಡು ಸಾವ್ಕಾರ ಆಗವ್ನೆ ನಿಮ್ಮಪ್ಪ. ಕೋಟು, ಸರಪಳಿ ಕಾಣಾಕಿಲ್ವಾ? ಬರಿಗೈ ಸಿಪಾಯಿಗೆ ಅಂಥ ಕೋಟು ಯಾರು ಒಲಿಸ್ಕೊಟ್ರು?"

ಕೆಂಪಮ್ಮ ಕೊನೆಯವರೆಗೂ ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಊರವರು ಅವರನ್ನು ಗಂಡ ಬಿಟ್ಟವಳೆಂದೇ ಕರೆದರು. ಪಿತೃಪಕ್ಷದಲ್ಲಿ ನಮ್ಮ ಕಡೆ ಹಿರಿಯರ ಹೆಸರು ಕರೆದು, ಅವರಿಗೆ ಇಷ್ಟವಾದ ಅಡುಗೆ ಮಾಡಿ, ಹೊಸ ಬಟ್ಟೆಯಿಟ್ಟು ಎಡೆ ಹಾಕುತ್ತೇವೆ. ಪುಟ್ಟರಾಜುವಿನ ಮನೆಯಲ್ಲಿ ಪ್ರತಿ ವರ್ಷ ಕೆಂಪಮ್ಮನಿಗೆ ಒಂಟಿ ಎಲೆ. ಪಕ್ಕದಲ್ಲಿ ತಿಮ್ಮಯ್ಯನಿಗೊಂದು ಎಲೆ ಹಾಕಲು ಲಕ್ಕಮ್ಮ ಒಪ್ಪುತ್ತಿರಲಿಲ್ಲ. "ಅವ್ನು ಇನ್ನೊಬ್ಳ ಗಂಡನಾಗಿ ಸತ್ತಿದ್ರೆ ನಮ್ಮವ್ವನ ಪಕ್ಕ ಎಂಗೆ ಕೂರುಸ್ಲಿ?"

ಇಷ್ಟು ಕೇಳಿ ನಾನು ಫೋಟೊವನ್ನು ಬೆಳಕಿಗೆ ಹಿಡಿದೆ. ಮೂರು ಗುಂಡಿ. ಎಡಗಡೆ ಸರಪಳಿ. ನನಗೆ ನಗು ತಡೆಯಲಾಗಲಿಲ್ಲ.

"ಯಾಕ್ಲಾ ನಗ್ತೀಯಾ?" ಅಜ್ಜಿ ಕೆಂಡವಾದರು.

"ಅವ್ವ, ಈ ಕೋಟು ನಿಮ್ಮಪ್ಪಂದಲ್ಲ. ನಮ್ಮ ಅಂಗಡೀದು."

ಅವರಿಗೆ ಅರ್ಥವಾಗಲಿಲ್ಲ. ರಿಪೇರಿಗೆ ಬಂದಿದ್ದ ಬೇರೆ ಎರಡು ಫೋಟೊ ತಂದು ಪಕ್ಕದಲ್ಲಿಟ್ಟೆ. ಒಬ್ಬರು ಹಳ್ಳಿಯ ಪಟೇಲರು, ಇನ್ನೊಬ್ಬರು ಕುರಿ ವ್ಯಾಪಾರಿ. ಅದೇ ಕೋಟು, ಅದೇ ಸರಪಳಿ, ಅದೇ ಪೇಟ. ಪುಟ್ಟರಾಜು ಮೂರನ್ನೂ ನೋಡಿ ತಲೆ ಮೇಲೆ ಕೈಯಿಟ್ಟುಕೊಂಡ. "ಅಯ್ಯೋ ನಿನ್ನ! ಅರವತ್ತು ವರ್ಸ ಈ ಕೋಟಿಗಾ ನಮ್ಮವ್ವ ಬೈಸ್ಕೊಂಡಿದ್ದು?"

ಅಜ್ಜಿ ನಗಲಿಲ್ಲ. "ಅಂಗಾದ್ರೆ ಕೆಳ್ಗೇನೈತೆ?" ಎಂದರು.

ಆ ಪ್ರಶ್ನೆಗೆ ಬೆಲೆಯಿತ್ತು. ಪುಟ್ಟರಾಜು ಹಿಂದೆಯೇ ಸೈನ್ಯಕ್ಕೆ ಅರ್ಜಿ ಬರೆದಿದ್ದ. ಬರೀ ಹೆಸರಿನಿಂದ ಹುಡುಕಲಾಗದು, ತಿಮ್ಮಯ್ಯ ಎಂಬ ಹೆಸರಿನವರು ಬಹಳ ಜನ, ಸೈನಿಕನ ನಂಬರೋ ತುಕಡಿಯ ಹೆಸರೋ ಬೇಕು ಎಂದು ಉತ್ತರ ಬಂದಿತ್ತು. ಸಮವಸ್ತ್ರದಲ್ಲಿ ತೆಗೆಸಿಕೊಂಡ ಫೋಟೊ ಆಗಿದ್ದರೆ ಭುಜದ ಮೇಲೆ ತುಕಡಿಯ ಹಿತ್ತಾಳೆ ಅಕ್ಷರಗಳು ಇದ್ದೇ ಇರುತ್ತವೆ. ಅವು ರಂಗಪ್ಪನವರ ಕೋಟಿನ ಕೆಳಗಿರಬೇಕು. ಗೋಂದಿನ ಬಣ್ಣ ನೀರಿಗೆ ಬಿಡುತ್ತದೆ. ಆದರೆ ಬ್ರೋಮೈಡಿನ ಮೇಲೆ ಚಿತ್ರವನ್ನು ಹಿಡಿದಿರುವ ಜೆಲಟಿನ್ ಪದರವೂ ನೀರು ಕಂಡರೆ ಉಬ್ಬುತ್ತದೆ. ಈ ಪ್ರಿಂಟಿಗೆ ಆಗಲೇ ತೇವ ತಾಗಿ ಬೂಸಲು ಹಿಡಿದಿತ್ತು. ಪದರ ಎದ್ದರೆ ಕೆಳಗಿನ ಮನುಷ್ಯನೇ ಹೋಗುತ್ತಾನೆ. ಕೆಂಪಮ್ಮ ಯಾರಿಗೂ ತೋರಿಸದೆ ಇಟ್ಟಿದ್ದ ಮೂಲ ಸಣ್ಣ ಫೋಟೊ, ಲಕ್ಕಮ್ಮ ನೋಡುವ ಮೊದಲೇ, ಮದುವೆಯ ಗಲಾಟೆಯಲ್ಲಿ ಕಳೆದುಹೋಗಿತ್ತು. ತಿಮ್ಮಯ್ಯ ಈ ಭೂಮಿಯ ಮೇಲೆ ಉಳಿದಿದ್ದದ್ದು ಇದೊಂದೇ ಕಾಗದದಲ್ಲಿ.

ಎಲ್ಲವನ್ನೂ ಬಿಡಿಸಿ ಹೇಳಿದೆ. ಕೋಟಿನ ಫೋಟೊವನ್ನು ಸ್ಕ್ಯಾನ್ ಮಾಡಿ ಇಟ್ಟುಕೊಳ್ಳುತ್ತೇನೆ, ಅದು ಎಲ್ಲಿಗೂ ಹೋಗುವುದಿಲ್ಲ. ಕೆಳಗಿನದಕ್ಕೆ ಮಾತ್ರ ಗ್ಯಾರಂಟಿ ಕೊಡಲಾರೆ ಎಂದೆ.

ಲಕ್ಕಮ್ಮ ಬಹಳ ಹೊತ್ತು ಆ ಕೋಟನ್ನು ಬೆರಳಿನಿಂದ ಸವರಿದರು. "ನಮ್ಮವ್ವ ತೊಡ್ಸಿದ ಕೋಟು ಕಣಪ್ಪ ಇದು, ನನ್ ಮದ್ವೆಗೆ" ಎಂದರು. ಆಮೇಲೆ ಕೈ ತೆಗೆದರು. "ಬಿಚ್ಚು. ಎಂಗಿದ್ನೋ ಅಂಗೇ ನೋಡ್ತೀನಿ."

ಮಾರನೆಯ ದಿನ ಬೆಳಿಗ್ಗೆ, ಒಳ್ಳೆಯ ಬೆಳಕಿನಲ್ಲಿ ಶುರು ಮಾಡಿದೆ. ತಾಯಿ ಮಗ ಇಬ್ಬರೂ ಬಂದು ಎದುರಿಗೆ ಕೂತರು. ಕುದಿಸಿ ಆರಿಸಿದ ನೀರು, ಹತ್ತಿ, ಸಣ್ಣ ಬ್ರಷ್. ಮೊದಲು ಪೇಟದ ಮೂಲೆ. ಹತ್ತಿಯನ್ನು ಹಿಂಡಿ, ಒತ್ತದೆ, ಉರುಳಿಸಬೇಕು. ಜರಿಯ ಹಳದಿ ಬಂತು, ಆಮೇಲೆ ಕೆಂಪು ಬಂತು, ಆಮೇಲೆ ಓರೆಯಾಗಿ ಕೂತ ಒಂದು ಟೋಪಿ ಕಾಣಿಸಿತು. ಮುಖಕ್ಕೆ ಬಂದಾಗ ಮೀಸೆಯೂ ಹತ್ತಿಗೆ ಅಂಟಿಕೊಂಡು ಬಂತು. ಅದೂ ರಂಗಪ್ಪನವರದೇ!

ಅಜ್ಜಿ ಎದ್ದು ನಿಂತರು. "ಚಿಕ್ ಉಡ್ಗ ಕಣ್ಲಾ ಇವ್ನು! ನನ್ ಮೊಮ್ಮಗನ ವಯಸ್ಸಿಲ್ಲ, ಇವ್ನಾ ನಮ್ಮಪ್ಪ?"

ಎಡಭುಜ ಕೈ ಕೊಟ್ಟಿತು. ಅಲ್ಲಿ ಬೂಸಲು ಚಿತ್ರವನ್ನೇ ತಿಂದುಹಾಕಿತ್ತು. ಬಣ್ಣದ ಕೆಳಗೆ ಬರೀ ಬಿಳಿ ಕಲೆ. ಉಳಿದದ್ದು ಬಲಭುಜ ಒಂದೇ. ಅರ್ಧ ಬಣ್ಣ ತೆಗೆದಿರಬೇಕು, ಜೆಲಟಿನ್ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಲು ಶುರುವಾಯಿತು. ನಾನು ಹತ್ತಿ ಎತ್ತಿಬಿಟ್ಟೆ. ಸ್ಟ್ಯಾಂಡ್ ಫ್ಯಾನಿನ ಗಾಳಿಗೆ ಪ್ರಿಂಟನ್ನು ಹಿಡಿದು, ಸುಕ್ಕು ಇಳಿಯುವವರೆಗೆ ಅಲುಗಾಡದೆ ನಿಂತೆ. ಅಂಗಡಿಗೆ ಬಂದವರನ್ನೆಲ್ಲ ಪುಟ್ಟರಾಜು ಬಾಗಿಲಲ್ಲೇ ವಾಪಸ್ ಕಳಿಸಿದ. "ಆಮ್ಯಾಕ್ ಬನ್ನಿ ಸಾ, ಒಳ್ಗೆ ಆಪರೇಸನ್ ನಡೀತೈತೆ."

ಪದರ ಒಣಗಿ ಕೂತಿತು. ಈ ಸಲ ಹತ್ತಿ ಬಿಟ್ಟು ಬ್ರಷ್ಷಿನ ತುದಿ ಮಾತ್ರ ಒದ್ದೆ ಮಾಡಿಕೊಂಡು, ಒಂದು ಎಳೆಯಷ್ಟು ಬಣ್ಣ ತೆಗೆಯುವುದು, ಒಣಗಿಸುವುದು, ಮತ್ತೆ ತೆಗೆಯುವುದು. ಊಟದ ಹೊತ್ತಿಗೆ ಭೂತಗನ್ನಡಿಯಲ್ಲಿ ಮೊದಲ ಅಕ್ಷರ ಕಂಡಿತು. ಸಂಜೆಗೆ ಮೂರೂ ಕಂಡವು. ಅವು ಇಂಗ್ಲಿಷ್ ಅಕ್ಷರಗಳು, ನನಗೆ ಅರ್ಥ ಗೊತ್ತಿಲ್ಲ, ಆದರೆ ಅಷ್ಟು ಚೆಂದದ ಅಕ್ಷರಗಳನ್ನು ನಾನು ಬೇರೆಲ್ಲೂ ಓದಿಲ್ಲ.

ಹಾಸನದಲ್ಲಿ ದೇವರಾಜು ಎಂಬ ನಿವೃತ್ತ ಹವಾಲ್ದಾರರಿದ್ದಾರೆ. ಅವರ ಮಗಳ ಮದುವೆಯ ಆಲ್ಬಮ್ ಮಾಡಿದ್ದು ನಾನೇ. ಭುಜವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಕೊಂಡು ಮೂವರೂ ಅವರ ಮನೆಗೆ ಹೋದೆವು. ನೋಡಿದ ತಕ್ಷಣ ಕನ್ನಡಕ ಹಣೆಗೇರಿಸಿದರು.

"ಇದು ರಸ್ತೆ, ಸೇತುವೆ ಮಾಡೋ ತುಕಡಿ ಕಣ್ರೀ. ಸೈನ್ಯ ಮುಂದಕ್ ಹೋಗ್ಬೇಕಾದ್ರೆ ಇವ್ರು ಮೊದ್ಲು ಹೋಗಿರ್ಬೇಕು. ಇವ್ರ ರೆಕಾರ್ಡ್ ಎಲ್ಲೈತೆ ನಂಗ್ ಗೊತ್ತು, ಕೂತ್ಕೊಳ್ಳಿ."

ಪ್ರತಿ ತುಕಡಿಗೂ ತನ್ನ ಸೈನಿಕರ ಹಳೇ ದಾಖಲೆ ಕಾಯುವ ಕಚೇರಿ ಬೇರೆ ಇರುತ್ತದೆ. ಪುಟ್ಟರಾಜು ಮೊದಲು ಅರ್ಜಿ ಕಳಿಸಿದ್ದು ಬೇರೆಲ್ಲಿಗೋ. ಅವತ್ತೇ ಹವಾಲ್ದಾರರು ಹೊಸ ಅರ್ಜಿ ಬರೆದುಕೊಟ್ಟರು. ನಾನು ಇಡೀ ಫೋಟೊದ ಪ್ರತಿ, ಭುಜದ ಪ್ರಿಂಟು ಎರಡನ್ನೂ ಸೇರಿಸಿ ಲಕೋಟೆ ಅಂಟಿಸಿದೆ. ಆ ವರ್ಷದ ಪಿತೃಪಕ್ಷ ಕೆಂಪಮ್ಮನ ಒಂಟಿ ಎಲೆಯಲ್ಲೇ ಕಳೆಯಿತು.

ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ಪುಟ್ಟರಾಜು ಫೋನು ಕೂಡ ಮಾಡದೆ ತಾಯಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಬಂದ. ಕೈಯಲ್ಲಿ ಉತ್ತರ. "ನಿಮ್ ಅಂಗ್ಡೀಲೇ ಓದ್ಬೇಕು ಅಂದ್ಲು ಅಣ್ಣ, ಇನ್ನೂ ಓದಿಲ್ಲ" ಎಂದ. ನಿಂತುಕೊಂಡೇ ಓದಿ, ಕನ್ನಡದಲ್ಲಿ ಹೇಳುತ್ತಾ ಹೋದ. ಸಿಪಾಯಿ ತಿಮ್ಮಯ್ಯ. ಊರು ಇಂಥದ್ದು, ಅರಕಲಗೂಡು ತಾಲ್ಲೂಕು. 1944ರಲ್ಲಿ ಬರ್ಮಾ ಗಡಿಯಲ್ಲಿ ರಸ್ತೆ ಮಾಡುತ್ತಿದ್ದಾಗ ಶತ್ರುಗಳ ಗುಂಡಿಗೆ ಬಲಿ. ಹೆಸರನ್ನು ಅಲ್ಲಿಯ ಯುದ್ಧಸ್ಮಾರಕದ ಕಂಬದ ಮೇಲೆ ಕೆತ್ತಲಾಗಿದೆ. ಸಾವಿನ ಸುದ್ದಿ ಅರಕಲಗೂಡಿನ ವಿಳಾಸಕ್ಕೆ ಹೋಗಿ, ಮನೆಗೆ ಬೀಗ ಹಾಕಿದೆ ಎಂದು ಹಿಂದಿರುಗಿದೆ. ಬೀಗ ಹಾಕದೆ ಇನ್ನೇನು? ತಿಮ್ಮಯ್ಯನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಇದ್ದ ಒಬ್ಬ ಹೆಂಡತಿ ತವರಿನಲ್ಲಿ ಬಾಣಂತನ ಮಾಡಿಸಿಕೊಳ್ಳುತ್ತಿದ್ದಳು, ಆಮೇಲೆ ಅಲ್ಲೇ ಉಳಿದಳು.

ಕೊನೆಯ ಸಾಲು ಬಾಕಿಯಿತ್ತು.

"ವಾರಸುದಾರರು... ಹೆಂಡತಿ, ಕೆಂಪಮ್ಮ."

"ಇನ್ನೊಂದ್ಸಲ ಓದ್ಲಾ."

"ಹೆಂಡತಿ, ಕೆಂಪಮ್ಮ."

"ಬ್ಯಾರೆ ಯಾರ ಎಸ್ರೂ ಇಲ್ವಾ? ಸರ್ಯಾಗ್ ನೋಡು."

"ಇಲ್ಲ ಕಣವ್ವ. ನಿಮ್ಮವ್ವ ಒಬ್ಳೇ."

ಲಕ್ಕಮ್ಮ ಅಳುತ್ತಾರೆಂದು ನಾನು ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಆಕಪ್ಪ ಕೊಂಡಿ" ಎಂದರು. "ಎರಡಲ್ಲ, ನಾಕ್ ಆಕು. ಇಬ್ರುನ್ನೂ ಒಂದೇ ಫ್ರೇಮಲ್ಲಿ ಕೂರ್ಸು."

ಕೆಂಪಮ್ಮನ ವಯಸ್ಸಾದ ಕಾಲದ ಒಂದು ಫೋಟೊ ಇತ್ತು. ಮೀಸೆ ಬರದ ಸಿಪಾಯಿ ಒಂದು ಕಡೆ, ಕುಂಕುಮವಿಟ್ಟ ಮುದುಕಿ ಇನ್ನೊಂದು ಕಡೆ. ಇದೆಂಥ ಜೋಡಿ ಎಂದು ಯಾರಾದರೂ ಕೇಳಿದರೆ ಕೇಳಲಿ, ವಯಸ್ಸು ಸರಿಮಾಡಬೇಡ ಎಂದರು ಲಕ್ಕಮ್ಮ. ನಾನು ಒಂದು ಗೆರೆಯನ್ನೂ ಮುಟ್ಟಲಿಲ್ಲ.

2023ರ ಮಹಾಲಯ ಅಮಾವಾಸ್ಯೆಗೆ ನನಗೂ ಹವಾಲ್ದಾರರಿಗೂ ಕರೆ ಬಂತು. ಮೊದಲ ಸಲ ಎರಡು ಎಲೆ ಜೊತೆಯಾಗಿ ಬಿದ್ದಿದ್ದವು. ಒಂದರ ಮುಂದೆ ಹೊಸ ಸೀರೆ, ಇನ್ನೊಂದರ ಮುಂದೆ ಹೊಸ ಖಾಕಿ ಅಂಗಿ. ಹವಾಲ್ದಾರರು ಫೋಟೊದ ಮುಂದೆ ಹಿಮ್ಮಡಿ ಜೋಡಿಸಿ ಸೆಲ್ಯೂಟ್ ಹೊಡೆದರು. ಲಕ್ಕಮ್ಮ ಧೂಪ ಹಾಕಿ, ಬೀದಿಗೆಲ್ಲ ಕೇಳುವ ಹಾಗೆ ಕರೆದರು: "ಕೆಂಪಮ್ಮನ ಗಂಡ ತಿಮ್ಮಯ್ಯ, ಬಾರಪ್ಪ, ಉಣ್ಣು ಬಾ!"

ಜವರಮ್ಮನೂ ಕೋಲೂರಿಕೊಂಡು ಬಂದಿದ್ದಳು. ಊಟಕ್ಕೆ ಕೂತವಳು ಪಕ್ಕದವರಿಗೆ ಹೇಳುತ್ತಿದ್ದಳು: "ನಮ್ ಬೀಗ್ರು ಮಿಲ್ಟ್ರಿಯೋರು ಅಂತ ನಾ ಆವತ್ತಿಂದ ಏಳ್ತಾನೇ ಇವ್ನಿ."

ಲಕ್ಕಮ್ಮ ಅವಳ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿದರು. "ಉಣ್ಣು ಜವರಿ, ಚೆನ್ನಾಗುಣ್ಣು. ರಂಗೂನಿಂದ ಬಂದೈತೆ ಪಾಯ್ಸ."

ಜವರಮ್ಮನೇ ಎಲ್ಲರಿಗಿಂತ ಜೋರಾಗಿ ನಕ್ಕಳು.

ನಲವತ್ತಕ್ಕೂ ಹೆಚ್ಚು ವರ್ಷ ಈ ಕೆಲಸ ಮಾಡಿ ನಾನು ಕಲಿತದ್ದು ಇಷ್ಟು: ಮನುಷ್ಯನನ್ನು ಚೆಂದ ಕಾಣಿಸಲು ಏನು ಬೇಕಾದರೂ ಬಳಿಯಬಹುದು, ಆದರೆ ಒರೆಸಿದರೆ ಬಿಡುವಂಥ ಬಣ್ಣದಲ್ಲೇ ಬಳಿಯಬೇಕು. ರಂಗಪ್ಪನವರು ಗೋಂದಿನ ಬಣ್ಣವನ್ನೇ ಬಳಸಿದ್ದರು. ಅದು ನನ್ನ ಪುಣ್ಯ, ಲಕ್ಕಮ್ಮನ ಪುಣ್ಯ. ಈಗ ಎಲ್ಲ ಕೆಲಸ ಕಂಪ್ಯೂಟರಿನಲ್ಲೇ. ಆದರೂ ಯಾರು ಎಂಥ ಫೋಟೊ ತಂದರೂ ಮುಟ್ಟುವ ಮೊದಲು ಇದ್ದ ಹಾಗೇ ಒಂದು ಪ್ರತಿ ತೆಗೆದಿಡುತ್ತೇನೆ. ಗಿರಾಕಿ ಬೇಡವೆಂದರೂ ಇಡುತ್ತೇನೆ.

ಈಗ ನನ್ನ ಬಳಿ ಇರುವುದು ಒಂದು ಅಂಗಡಿ, ಎರಡು ಪ್ರಿಂಟರು, ಒಂದು ಭೂತಗನ್ನಡಿ, ರಂಗಪ್ಪನವರ ಒಂದು ಬ್ರಷ್ಷು, ಏಳನೇ ಕ್ಲಾಸಿನ ಒಂದು ಟಿ.ಸಿ., ಮತ್ತು ಗಲ್ಲಾದ ಹಿಂದಿನ ಗೋಡೆಯ ಮೇಲೆ, ಕೋಟಿಲ್ಲದ ಒಬ್ಬ ಸಿಪಾಯಿ.