ಮಸೀದಿಯ ಕಿಟಕಿ ಮತ್ತು ಕೆಂಪು ಗುಂಡಿ

ರಂಜಾನಿನ ಕೊನೆಯ ಹತ್ತು ದಿನ ಓಣಿಯ ಪರವಾಗಿ ಒಬ್ಬರಾದರೂ ಮಸೀದಿಯಲ್ಲೇ ಉಳಿದು ಪ್ರಾರ್ಥನೆಯಲ್ಲಿ ತೊಡಗಬೇಕು. ಅದಕ್ಕೆ ಇತಿಕಾಫ್ ಎನ್ನುತ್ತೇವೆ. ಯಾರೂ ಕೂರದಿದ್ದರೆ ತಪ್ಪು ಇಡೀ ಓಣಿಗೆ. ಭಾಲ್ಕಿಯ ನಮ್ಮ ಸಣ್ಣ ಮಸೀದಿಯಲ್ಲಿ ಪ್ರತಿ ವರ್ಷ ಒಬ್ಬ ನಿವೃತ್ತ ಪೋಸ್ಟ್‌ಮನ್ ಈ ಹೊಣೆ ಹೊರುತ್ತಿದ್ದರು. ಆ ವರ್ಷ ಅವರಿಗೆ ಮೊಣಕಾಲಿನ ಆಪರೇಶನ್ ಆಯಿತು. ಶುಕ್ರವಾರ ಇಮಾಮರು "ಈ ಸಲ ಯಾರು?" ಎಂದು ಕೇಳಿದಾಗ ಎಲ್ಲರೂ ಮೇಲೆ ಫ್ಯಾನು ನೋಡಿದರು. ನಾನೊಬ್ಬ ಇಮಾಮರ ಮುಖ ನೋಡಿದೆ. ಅಲ್ಲಿಗೆ ಮುಗಿಯಿತು.

ನನ್ನದು ಮಿಕ್ಸಿ ರಿಪೇರಿ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಿರುತ್ತೇನೆ, ರಿಪೇರಿ ನಡುನಡುವೆ ಆಗುತ್ತದೆ. ಹತ್ತು ದಿನ ಎಂದರೆ ಹೆಂಡತಿ ಬೇಡವೆಂದಾಳು ಎಂದುಕೊಂಡಿದ್ದೆ. ನಮ್ಮ ಮನೆಮಾತು ದಖನಿ. ಅವಳು ಅಂದದ್ದನ್ನು ಭಾಲ್ಕಿಯ ಕನ್ನಡದಲ್ಲಿ ಹೇಳಬೇಕೆಂದರೆ, "ಬರೇ ಹತ್ತs ದಿನ ಏನ್ರಿ?"

ಇಪ್ಪತ್ತನೆಯ ರೋಜಾ ಉಪವಾಸದ ದಿನ ಸೂರ್ಯ ಮುಳುಗುವ ಮೊದಲೇ ಹಾಸಿಗೆ ಸುತ್ತಿಕೊಂಡು ಒಳಹೊಕ್ಕೆ. ಫೋನು ಮನೆಯಲ್ಲೇ ಬಿಟ್ಟೆ. ಮೂಲೆಯಲ್ಲಿ ಬಿಳಿ ಬಟ್ಟೆಯ ಪರದೆ ಕಟ್ಟಿಕೊಟ್ಟರು. ಪರದೆಯ ಹಿಂದೆ ಓಣಿಗೆ ತೆರೆಯುವ ಒಂದು ಕಿಟಕಿಯಿತ್ತು. ಮರುದಿನವಿಡೀ ಕುರಾನ್ ಓದಿದೆ, ನಮಾಜು ಮಾಡಿದೆ, ಸುಮ್ಮನೆ ಕೂತೆ. ಸುಮ್ಮನೆ ಕೂತು ಅಭ್ಯಾಸವಿಲ್ಲದ್ದಕ್ಕೆ ದವಡೆ ನೋಯತೊಡಗಿತು. ಆದರೂ ಮನಸ್ಸು ಹಗುರಾಗಿತ್ತು. ಇನ್ನು ಮುಂದೆ ಸುಳ್ಳು ಹೇಳುವುದಿಲ್ಲ ಎಂದು ಅಲ್ಲಾಹನಿಗೆ ಮಾತು ಕೊಟ್ಟೆ. ಮಸೀದಿಯಲ್ಲಿ ಕೂತಾಗ ಅದು ಬಹಳ ಸುಲಭವಾಗಿ ಕಂಡಿತ್ತು.

ಅದರ ಮರುದಿನ ಮಧ್ಯಾಹ್ನ ಕಿಟಕಿಯಾಚೆ ದನಿ ಕೇಳಿತು. "ಭಾಯಿ, ಅದೀರೇನ್ರಿ?"

ನಮ್ಮ ಮನೆಯ ಎದುರಿನ ಶಾಲಾ ಶಿಕ್ಷಕಿ. ಕೈಚೀಲದಲ್ಲಿ ಮಿಕ್ಸಿ.

"ಅಕ್ಕಾ, ಅಂಗಡಿ ಬಂದ್ ಅದರಿ," ಎಂದೆ.

"ಗೊತ್ತದರಿ. ಸಂಜಿಗಿ ಬೀಗರು ಬರ್ಲತ್ತಾರ. ಶೇಂಗಾ ಚಟ್ನಿ ಹಾಕಿದ್ದೆ, ಟಕ್ ಅಂದು ನಿಂತೇ ಬಿಡ್ತು. ಏನಾಗ್ಯದಂತ ಅಷ್ಟರ ಹೇಳ್ರಿ."

ನೋಡದೆಯೇ ನನಗೆ ಗೊತ್ತಾಯಿತು. ಭಾರ ಹೆಚ್ಚಾದರೆ ಮಿಕ್ಸಿ ತಾನೇ ನಿಲ್ಲುತ್ತದೆ. ಅಡಿಯಲ್ಲಿರುವ ಕೆಂಪು ಗುಂಡಿ ಒತ್ತಿದರೆ ಮತ್ತೆ ತಿರುಗುತ್ತದೆ. ಇಂಥ ಮಿಕ್ಸಿ ಬಂದಾಗಲೆಲ್ಲ ನಾನು ಮುಖ ಸಣ್ಣಗೆ ಮಾಡಿ, "ಕಾಯಿಲ್ ಸುಟ್ಟದರಿ, ಸಾಮಾನು ಬೀದರಿಂದ ಬರಬೇಕು" ಎನ್ನುತ್ತಿದ್ದೆ. ಎರಡು ದಿನ ಕಪಾಟಿನಲ್ಲಿಟ್ಟು, ಗುಂಡಿ ಒತ್ತಿ, ಹೊಸ ಕಾಯಿಲಿನ ದುಡ್ಡು ತೆಗೆದುಕೊಂಡು ಕೊಡುತ್ತಿದ್ದೆ.

ಈಗಲೂ ನಾಲಿಗೆಯ ತುದಿಗೆ ಬೀದರ ಬಂತು. ಮಡಿಲಲ್ಲಿ ಕುರಾನ್ ಇತ್ತು.

"ಮಿಕ್ಸಿ ಬೋರಲು ಹಾಕ್ರಿ. ಅಡಿಯಾಗ ಕೆಂಪು ಗುಂಡಿ ಕಾಣ್ತದೇನ್ರಿ?"

"ಕಾಣ್ತದರಿ."

"ಒತ್ರಿ. ಆಯ್ತು."

"ಇಷ್ಟೇನ್ರಿ?"

"ಇಷ್ಟೇ ಅಕ್ಕಾ."

ಅವರು ಮಿಕ್ಸಿಯನ್ನು ಮತ್ತೆ ಕೈಚೀಲಕ್ಕೆ ಹಾಕಿಕೊಂಡರು. ಆಮೇಲೆ ಮಕ್ಕಳ ಉತ್ತರಪತ್ರಿಕೆ ತಿದ್ದುವವರ ದನಿಯಲ್ಲಿ ಕೇಳಿದರು. "ಹೋದ ದೀಪಾವಳಿಗಿ ಹಿಂಗs ನಿಂತಿತ್ತು. ಕಾಯಿಲ್ ಸುಟ್ಟದ ಅಂದಿದ್ರಿ."

"ಅಂದಿದ್ದೆ ಅಕ್ಕಾ. ತಪ್ಪಾಯ್ತು."

ಅವರು ಹೊರಟುಹೋದರು. ನಾನು ಪರದೆ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಕೂತೆ. ಇಫ್ತಾರಿನ ಹೊತ್ತಿಗೆ ಕಿಟಕಿಯ ಕಟ್ಟೆಯ ಮೇಲೆ ಒಂದು ಬಟ್ಟಲು ಶೇಂಗಾ ಚಟ್ನಿ ಇತ್ತು. ಚೀಟಿಯಲ್ಲಿ ಬರೆದಿದ್ದರು: 'ಮಿಕ್ಸಿ ಛಲೋ ತಿರಗ್ಲತ್ತದ.' ಖಾರ ಎಷ್ಟಿತ್ತೆಂದರೆ, ಅದು ಉಡುಗೊರೆಯೋ ಶಿಕ್ಷೆಯೋ ಇವತ್ತಿಗೂ ಗೊತ್ತಾಗಿಲ್ಲ.

ಸುದ್ದಿ ಹಬ್ಬಲು ಒಂದು ದಿನವೂ ಬೇಕಾಗಲಿಲ್ಲ. ಕಿಟಕಿಗೆ ಹೆಂಗಸರು ಬರತೊಡಗಿದರು. ಬಹಳ ಮಂದಿಯ ಕೈಯಲ್ಲಿ ಮಿಕ್ಸಿಯೇ ಇರಲಿಲ್ಲ. "ನಮ್ದೂ ಗುಂಡಿನೇ ಆಗಿತ್ತೇನ್ರಿ?" ಎಂದಷ್ಟೇ ಕೇಳುವರು. ಒಬ್ಬೊಬ್ಬರಿಗೂ ನಿಜ ಹೇಳಿದೆ. ಒಬ್ಬ ಅಜ್ಜಿಯ ಮಿಕ್ಸಿ ಮಾತ್ರ ಖರೇನೇ ಸುಟ್ಟಿತ್ತು. ಅವರು ನಂಬಲೇ ಇಲ್ಲ.

ನಾಲ್ಕನೆಯ ದಿನ ಇಮಾಮರು ಪರದೆ ಸರಿಸಿ ಬಂದು ಪಕ್ಕದಲ್ಲಿ ಕೂತರು. ಹೆಂಗಸರು ನನ್ನಿಂದ ಪ್ರಾರ್ಥನೆ ಮಾಡಿಸಿಕೊಳ್ಳಲು ಬರುತ್ತಾರೆಂದು ತಿಳಿದು ಅವರ ಕಣ್ಣು ತುಂಬಿತ್ತು. "ಎಲ್ಲಾ ಜಾತಿಯವರೂ ನಿನ್ನ ಕಿಟಕಿಗಿ ಬರ್ತಾರ. ನಿನ್ನ ದುವಾದಾಗ ಏನೋ ಶಕ್ತಿ ಅದ, ಮಿಯಾ," ಎಂದರು.

ಸುಮ್ಮನಿದ್ದರೂ ಸುಳ್ಳೇ ಆಗುತ್ತಿತ್ತು. ಎಲ್ಲ ಹೇಳಿದೆ. ಅವರು ಗಡ್ಡ ನೀವಿಕೊಳ್ಳುತ್ತ ಕೇಳಿದರು. ಕೊನೆಗೆ ತಗ್ಗಿದ ದನಿಯಲ್ಲಿ, "ನಮ್ಮ ಮನಿದು?"

"ನಿಮ್ದೂ ಅದೇ, ಹಜ್ರತ್. ಎರಡು ಸಲ."

ಇಮಾಮರು ತಟಕ್ಕನೆ ಎದ್ದು ಆಚೆ ತಿರುಗಿದರು. ಭುಜ ಅಲುಗುತ್ತಿತ್ತು. ಸಿಟ್ಟಿನಿಂದ ಎಂದುಕೊಂಡೆ. ತಿರುಗಿದಾಗ ನೋಡಿದರೆ, ನಗು ತಡೆಯಲಾಗದೆ ರುಮಾಲಿನಿಂದ ಬಾಯಿ ಮುಚ್ಚಿಕೊಂಡಿದ್ದರು. "ಇನ್ನೂ ಐದಾರು ದಿನ ಅವ. ಬ್ಯಾರೆ ಏನರ ಇದ್ರ ಈಗೇ ನೆನಪು ಮಾಡ್ಕೋ. ಈದ್ ಆದ ಮ್ಯಾಲ ಮನಿ ಮನಿಗಿ ಹೋಗಿ ಮಾಫಿ ಕೇಳು," ಎಂದರು.

ಚಂದ್ರ ಕಂಡ ಸಂಜೆ ಓಣಿಯವರು ಹೂವಿನ ಹಾರ ಹಾಕಿ ನನ್ನನ್ನು ಹೊರಗೆ ಕರೆತಂದರು. ಈದ್‌ನ ಮರುದಿನ ಮಾಫಿ ಕೇಳಲು ಹೊರಟೆ. ತಿಂದ ದುಡ್ಡಿಗೆ ಬದಲಾಗಿ ವರ್ಷವಿಡೀ ಮಿಕ್ಸಿಯ ಬ್ಲೇಡಿಗೆ ಪುಕ್ಕಟೆ ಸಾಣೆ ಹಿಡಿದುಕೊಡುತ್ತೇನೆ ಎಂದೆ. ಒಬ್ಬರೂ ಬೈಯಲಿಲ್ಲ. ಬದಲಿಗೆ ಚಹಾ ಕುಡಿಸಿದರು. ಒಂಬತ್ತನೆಯ ಮನೆಯ ಹೊತ್ತಿಗೆ ಹೊಟ್ಟೆ ಕೈಕೊಟ್ಟಿತು, ಉಳಿದ ಮನೆಗಳನ್ನು ಮರುದಿನಕ್ಕೆ ಇಟ್ಟುಕೊಂಡೆ.

ಅಂಗಡಿ ಇನ್ನು ನಡೆಯುವುದಿಲ್ಲ ಎಂದುಕೊಂಡೇ ಬಾಗಿಲು ತೆರೆದೆ. ಔರಾದ ಕಡೆಯ ಎಕಂಬಾದಿಂದ ಬಸ್ಸಿನಲ್ಲಿ ಬಂದ ರೈತರೊಬ್ಬರು ಮಿಕ್ಸಿ ಹಿಡಿದು ಕಟ್ಟೆಯ ಮೇಲೆ ಕೂತಿದ್ದರು. ಅವರ ತಂಗಿ ನಮ್ಮ ಓಣಿಯಲ್ಲೇ ಇರುವುದಂತೆ.

"ಗುಂಡಿ ಒತ್ತಿ ನೋಡೀನ್ರಿ," ಎಂದರು ಮೊದಲೇ.

ಬಿಚ್ಚಿ ನೋಡಿದೆ. ಮೋಟರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡು ಸವೆದಿತ್ತು. "ಹತ್ತು ನಿಮಿಷದ ಕೆಲಸ, ಚಹಾ ಕುಡದು ಬರ್ರಿ," ಎಂದೆ.

"ಚಹಾ ಬ್ಯಾಡ್ರಿ. ಇಲ್ಲೇ ಕೂತು ನೋಡ್ತೇನಿ."

ಸ್ಟೂಲನ್ನು ನನ್ನ ಮಗ್ಗುಲಿಗೇ ಎಳೆದುಕೊಂಡು ಕೂತರು, ಕನ್ನಡಕ ಒರೆಸಿ ಹಾಕಿಕೊಂಡರು. ಬಿಚ್ಚಿದ ಒಂದೊಂದು ಸ್ಕ್ರೂ, ಸವೆದ ಕಾರ್ಬನ್ ಎಲ್ಲವನ್ನೂ ಅವರ ಕಣ್ಣೆದುರೇ ಸಾಲಾಗಿ ಇಟ್ಟೆ. ಕೆಲಸಕ್ಕೆ ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ನಾನು ಒಂದು ಮಾತೂ ಆಡಲಿಲ್ಲ.