ಬ್ಯಾಂಡಿನ ಮುಂದೆ ಕಳಸ ಹಿಡಿದು ನಿಂತದ್ದು

ಆ ದಿನ ಬೆಳಿಗ್ಗೆ ಎದ್ದು ಹಿತ್ತಿಲು ಗುಡಿಸಿದೆ. ಎರಡು ಹಂಡೆ ನೀರು ಸೇದಿದೆ. ಮಕ್ಕಳಿಬ್ಬರಿಗೆ ತಲೆ ಬಾಚಿ ಸ್ಕೂಲಿಗೆ ಕಳಿಸಿದೆ. ರಾಗಿ ಕೇರಿ, ಮಿಷನ್ನಿಗೆ ಹೊತ್ತುಕೊಂಡು ಹೋಗಿ ಹಿಟ್ಟು ಮಾಡಿಸಿ ತಂದೆ. ಮಾವನವರ ಪಂಚೆಗಳನ್ನು ಒಗೆದು ಹರವಿದೆ. ಮಧ್ಯಾಹ್ನ ಮಲಗಬೇಕೆಂದುಕೊಂಡವಳು ದಿಂಬಿನ ಗೌಸಿಗೆ ಹೊಲಿಗೆ ಹಾಕುತ್ತಾ ಕೂತೆ. ಸಂಜೆ ಯಳಂದೂರಿಗೆ ಹೋಗಿ ಬ್ಯಾಂಡ್ ಕೇಳಬೇಕಿತ್ತು. ಮನೆಗೆಲಸ ಒಂದೂ ಬಾಕಿ ಇಲ್ಲದಿದ್ದರೆ ಅತ್ತೆ ಬೇಡವೆನ್ನಲಾರರು ಎಂಬ ಲೆಕ್ಕ ನನ್ನದು. ಬೇಡವೆನ್ನಲಿಲ್ಲ. ಆದರೆ ಹೊರಡುವ ಹೊತ್ತಿಗೆ ಮೈ ಸೋತುಹೋಗಿತ್ತು.

ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿ ಹತ್ತು ವರ್ಷವಾಗಿರಬಹುದು. ಊರಿನ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿಯೊನೆಟ್ ಊದುವವರೊಬ್ಬರಿದ್ದರು. ನಮ್ಮ ಬೀದಿ ಇಕ್ಕಟ್ಟಿನದು. ಮದುವೆ ಮೆರವಣಿಗೆ ಅಲ್ಲಿ ನಿಲ್ಲದೆ ಹಾದುಹೋಗುತ್ತಿತ್ತು. ನಿಂತು ನುಡಿಸುವುದೆಲ್ಲ ಮುಂದಿನ ಸರ್ಕಲ್ಲಿನಲ್ಲಿ. ಅಲ್ಲಿ ಅವರು ತಗ್ಗಿನಲ್ಲಿ ಶುರುಮಾಡಿ ಮೆಲ್ಲಗೆ ಮೇಲೇರಿಸುವ ಒಂದು ಮಟ್ಟು ಇತ್ತು. ಕಿಟಕಿಯಲ್ಲಿ ನಿಂತ ನನಗೆ ಒಂದು ಸಲ ಅದರ ತಲೆ ಸಿಕ್ಕರೆ ಇನ್ನೊಂದು ಸಲ ಬಾಲ. ಮೊದಲು ಕಿವಿಗೆ ಬಿದ್ದಾಗಿನಿಂದ ಆರು ವರ್ಷದಲ್ಲಿ ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ. ಗಂಡಸರ ಗುಂಪಿನ ನಡುವೆ ಸರ್ಕಲ್ಲಿನಲ್ಲಿ ಹೋಗಿ ನಿಲ್ಲಲು ನಮ್ಮೂರಿನಲ್ಲಿ ಆಗುತ್ತಿರಲಿಲ್ಲ. ಯಳಂದೂರಿನಲ್ಲಾದರೆ ನಮ್ಮ ಗುರುತು ಯಾರಿಗೂ ಇಲ್ಲ. ಅಲ್ಲೊಂದು ಮದುವೆಗೆ ಈ ಬ್ಯಾಂಡು ಹೋಗುತ್ತದೆಂದು ತಿಳಿದು, ನನ್ನ ಓರಗಿತ್ತಿಯನ್ನು ಕಾಡಿ ಹೊರಡಿಸಿದೆ.

"ಕರೀದೆ ಇರೋ ಮದ್ವೆಗೆ ಓಗಾಕೆ ಇಷ್ಟು ದೊಡ್ಡ ಜಡೆ ಬ್ಯಾರೆ ಕೇಡು," ಎಂದು ಅವಳು ಬಸ್ಸಿನುದ್ದಕ್ಕೂ ಛೇಡಿಸಿದಳು.

ಯಳಂದೂರಿನಲ್ಲಿ ಇಳಿದಾಗ ಗಂಡಿನ ಕಡೆಯವರು ಬಂಡಳ್ಳಿಯಿಂದ ಬಂದು ಗುಡಿಯ ಮುಂದೆ ಕೂತಿದ್ದರು. ಗ್ಯಾಸ್‌ಲೈಟು ಹೊತ್ತಿತ್ತು, ಬ್ಯಾಂಡಿನವರು ಕೋಟು ತೊಟ್ಟು ನಿಂತಿದ್ದರು, ಮೆರವಣಿಗೆ ಮಾತ್ರ ಹೊರಟಿರಲಿಲ್ಲ. ನಾವು ಗೋಡೆಯ ಪಕ್ಕಕ್ಕೆ ಸರಿದೆವು. ಮುದುಕಿಯೊಬ್ಬರು ನೇರ ನಮ್ಮ ಹತ್ತಿರ ಬಂದು, "ಯಾರ ಕಡೆಯೋರವ್ವ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಓರಗಿತ್ತಿ, "ಗಂಡಿನ ಕಡೆಯೋರು," ಅಂದುಬಿಟ್ಟಳು.

"ಸದ್ಯ! ನಿಮ್ಮ ಕಳಸಗಿತ್ತಿ ಬಸ್ಸಲ್ಲಿ ವಾಂತಿ ಮಾಡ್ಕಂಡು ಬಿದ್ಕಂಡವ್ಳೆ. ಮುತ್ತೈದೆ ತಾನೆ ನೀನು? ತಕ, ಇಡ್ಕ."

ಮೆರವಣಿಗೆಯ ಮುಂದೆ ಮಂಗಳ ಕಳಸ ಹಿಡಿದು ನಡೆಯುವವಳೇ ಕಳಸಗಿತ್ತಿ. ತುಂಬಿದ ತಂಬಿಗೆ, ಮೇಲೆ ತೆಂಗಿನಕಾಯಿ, ಕೆಳಗೆ ಅಕ್ಕಿ ಹರಡಿದ ಹಿತ್ತಾಳೆ ತಟ್ಟೆ. ಬೆಳಿಗ್ಗೆ ನೀರು ಸೇದಿದ ರಟ್ಟೆಗಳು ಹಿಡಿದ ಕೂಡಲೇ ನೋಯತೊಡಗಿದವು. ಓರಗಿತ್ತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಬಸ್ ಸ್ಟ್ಯಾಂಡಿನ ಸರ್ಕಲ್ಲಿಗೆ ಬಂದಾಗ ಯಾರೋ ನಿಲ್ಲಿ ಎಂದರು, ನಿಂತೆ. ನನ್ನ ಬೆನ್ನಿಗೆ ನಾಲ್ಕು ಮಾರು ದೂರದಲ್ಲಿ ಆ ಮಟ್ಟು ಶುರುವಾಯಿತು. ತಲೆಯಿಂದ ಬಾಲದವರೆಗೆ ಅಲುಗದೆ ಕೇಳಿದೆ. ನಾನು ಕಿಟಕಿಯಲ್ಲಿ ತಲೆ ಅಂದುಕೊಂಡಿದ್ದುದು ನಡು, ಅದಕ್ಕೂ ಮೊದಲು ಬಹಳ ಇತ್ತು. ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಮೊದಲಿನಿಂದ ಬಂತು. ಪುಣ್ಯ ಅಂದುಕೊಂಡು ಮತ್ತೆ ಕೇಳಿದೆ. ಮೂರನೆಯ ಸಲ ಕ್ಲಾರಿಯೊನೆಟ್ಟಿನ ದನಿ ಒಡೆಯತೊಡಗಿತು. ನನಗೂ ತೋಳು ಬಿದ್ದುಹೋಗುವಂತಾಗಿತ್ತು, ಆದರೂ ಕಲೆಗೆ ಬೆಲೆ ಕೊಡಬೇಕಲ್ಲ ಎಂದು ನಿಂತೇ ಇದ್ದೆ. ನಾಲ್ಕನೆಯದು ಶುರುವಾದಾಗ ಓರಗಿತ್ತಿ ಸೊಂಟಕ್ಕೆ ತಿವಿದಳು: "ನಡಿಯಮ್ಮಿ! ಎಲ್ರೂ ನಿನ್ ಮೊಕಾನೇ ನೋಡ್ತಾವ್ರೆ."

ಛತ್ರದ ಬಾಗಿಲಲ್ಲಿ ಹೆಣ್ಣಿನ ತಾಯಿ ಕಳಸ ಇಳಿಸಿಕೊಂಡು, ನನಗೆ ಕುಂಕುಮವಿಟ್ಟು, ಮಡಿಲಿಗೆ ಬಾಳೆಹಣ್ಣು ಹಾಕಿದರು. ಗಂಡಿಗೆ ಏನಾಗಬೇಕೆಂದು ಅವರು ಕೇಳುವ ಮೊದಲೇ ಓರಗಿತ್ತಿ ನನ್ನನ್ನು ಎಳೆದುಕೊಂಡು ಹೊರಬಂದಳು. ಕೊಳ್ಳೇಗಾಲದ ಕೊನೆಯ ಬಸ್ಸಿಗೆ ಓಡಿದೆವು.

ಅದೇ ಬಸ್ಸಿಗೆ ಬ್ಯಾಂಡಿನವರೂ ಹತ್ತಿದರು. ಕ್ಲಾರಿಯೊನೆಟ್ಟಿನವರು ನಮ್ಮ ಮುಂದಿನ ಸೀಟಿನಲ್ಲಿ ಒದ್ದೆ ಟವಲನ್ನು ತುಟಿಗೆ ಒತ್ತಿಕೊಂಡು ಕೂತರು. ಹತ್ತಿರದಲ್ಲಿ ನೋಡಿದರೆ ವಯಸ್ಸಾದವರು, ಕೆಳತುಟಿ ಊದಿತ್ತು. ಡೋಲಿನವನು, "ಇವತ್ತು ಯಾಕಣ್ಣ ಅಷ್ಟ್ ಎಳ್ದೆ?" ಎಂದ.

"ನಾನೆಲ್ಲಿ ಎಳುದ್ನೋ? ಕಳ್ಸ ಕದಲ್ದೆ ಬ್ಯಾಂಡ್ ನಿಲ್ಸಂಗಿಲ್ಲ. ಆ ಮಾತಾಯಿ ಕಲ್ಲಿನಂಗೆ ನಿಂತ್ಬುಟ್ಲು!"

ಅವರು ನುಡಿಸುತ್ತಾರೆಂದು ನಾನು ನಿಂತಿದ್ದೆ, ನಾನು ನಿಂತಿದ್ದೇನೆಂದು ಅವರು ನುಡಿಸಿದ್ದರು. ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಆ ತುಟಿ ನೋಡಿಕೊಂಡು ಸುಮ್ಮನಿರಲು ಆಗಲಿಲ್ಲ.

"ಅಣ್ಣ, ಅದು ನಾನೇ. ಪೂರಾ ಕೇಳ್ಬೇಕು ಅಂತ ನಿಂತಿದ್ದೆ. ಆ ನೇಮ ನಂಗೆ ಗೊತ್ತಿರ್ನಿಲ್ಲ."

ಅವರು ತಿರುಗಿ ನನ್ನನ್ನು ನೋಡಿದರು. "ನೀವಾ ತಾಯಿ? ಚೆಂದಾಗಿತ್ತಾ?"

"ಮೊದಲ್ನೇ ಸಲ ಬಾಳ ಚೆಂದಾಗಿತ್ತು."

ನಗು ಬಂದು ಅವರು ಬಾಯಿ ಒತ್ತಿ ಹಿಡಿದರು. "ನಗುಸ್ಬ್ಯಾಡಿ ಕಣವ್ವ, ಉರೀತದೆ." ಮಡಿಲಲ್ಲಿದ್ದ ಬಾಳೆಹಣ್ಣು ಕೊಟ್ಟೆ. ಚೂರುಚೂರೇ ಮುರಿದು, ತುಟಿಗೆ ತಾಗದಂತೆ ಬಾಯಿಗೆ ಹಾಕಿಕೊಂಡರು.

ಮನೆಗೆ ಬಂದಾಗ ಅತ್ತೆ ಅನ್ನ ಮುಚ್ಚಿಟ್ಟಿದ್ದರು. ಮಜ್ಜಿಗೆ ಕಲಸಿಕೊಂಡು, ನಿಂಬೆ ಉಪ್ಪಿನಕಾಯಿ ನಂಚಿಕೊಂಡು ಅಡುಗೆಮನೆಯಲ್ಲೇ ಕೂತು ಇಬ್ಬರೂ ಉಂಡೆವು. ತುತ್ತು ಎತ್ತಲು ನಾನು ಬಲಗೈಗೆ ಎಡಗೈ ಆನಿಸಿಕೊಳ್ಳಬೇಕಾಯಿತು. ಮೊದಲು ನಿದ್ದೆ ಹೋದವಳು ಓರಗಿತ್ತಿ, ಕೈ ತೊಳೆದು ಅಲ್ಲೇ ಗೋಡೆಗೆ ಒರಗಿ. ಅವಳ ತಟ್ಟೆಯನ್ನೂ ನಾನೇ ತೊಳೆದಿಟ್ಟು ಹೋಗಿ ಮಲಗಿದೆ.