ಬಿಸಿ ಭಜಿ, ಚೌಕಡಿ ಅಂಗಿ

ನಾನು ಚಿಕ್ಕವನಿದ್ದಾಗ ಚಳಿಗೆ ಅಷ್ಟಾಗಿ ಹೆದರುತ್ತಿರಲಿಲ್ಲ, ವಾದದಲ್ಲಿ ಸೋಲುವುದಕ್ಕೆ ಹೆದರುತ್ತಿದ್ದೆ. ಶಾಲೆಯ ಚರ್ಚಾಕೂಟದಲ್ಲಿ ಹೆಸರು ಮಾಡಿದ್ದೆನಲ್ಲ, ಆ ಹುರುಪು ಮನೆಯಲ್ಲೂ ಇಳಿಯುತ್ತಿರಲಿಲ್ಲ. ಬೆಕ್ಕು ಅಡ್ಡ ಬಂದರೆ ನಿಂತು ಹೋಗಬೇಕು ಎಂದು ಯಾರಾದರೂ ಹೇಳಿದರೆ, "ಬೆಕ್ಕಿಗೆ ನಾವು ಅಡ್ಡ ಬಂದ್ರ ಅದು ನಿಲ್ತದೇನು?" ಎಂದು ಕೇಳುತ್ತಿದ್ದೆ. ಎಲ್ಲದಕ್ಕೂ ಪುರಾವೆ ಬೇಕು ನನಗೆ. "ಇವನ ಬಾಯಿಗಿ ಹಾಕೋ ಕೀಲಿ ಇನ್ನಾ ಯಾರೂ ಮಾಡಿಲ್ಲ" ಎಂದು ಅವ್ವ ರೊಟ್ಟಿ ತಟ್ಟುತ್ತ ಗೊಣಗುತ್ತಿದ್ದಳು.

ನನಗೆ ವಾದ ಕಲಿಸಿದವಳು ಮಾತ್ರ ಅಕ್ಕ. ನನಗಿಂತ ಮೂರು ವರ್ಷ ದೊಡ್ಡವಳು. ಸಂಜೆ ಒಲೆಯ ಮುಂದೆ ಕೂತು ನಾನು ಯಾವ ಪಕ್ಷ ಹಿಡಿದರೂ ಅವಳು ಎದುರು ಪಕ್ಷ ಹಿಡಿಯುತ್ತಿದ್ದಳು. ಎತ್ತು ಮೇಲೋ ಟ್ರ್ಯಾಕ್ಟರ್ ಮೇಲೋ, ಬ್ಯಾಸಿಗಿ ಮೇಲೋ ಥಂಡಿ ಮೇಲೋ. ಹೊರಗೆ ಹೋದರೆ ತಲೆ ಬಗ್ಗಿಸಿ ನಡೆಯುವ ಹುಡುಗಿ, ಒಲೆಯ ಮುಂದೆ ಮಾತ್ರ ನನಗೆ ಮಣ್ಣು ಮುಕ್ಕಿಸುತ್ತಿದ್ದಳು.

ನಮ್ಮ ಊರು ಎಕಂಬಾ. ಅಲ್ಲಿ ಥಂಡಿ ಅಂದರೆ ಸುಮ್ಮನೆ ಅಲ್ಲ. ಬೆಳಗ್ಗೆ ಕೊಡದ ನೀರಿಗೆ ಕೈ ಹಾಕಿದರೆ ಬೆರಳು ನಮ್ಮವೇ ಹೌದೋ ಅಲ್ಲವೋ ಎನ್ನಿಸುತ್ತಿತ್ತು. ತೊಗರಿ ಹೊಲದ ಮೇಲೆ ಬಿಳಿ ಮಂಜು ಕೂತಿರುತ್ತಿತ್ತು, ಹಟ್ಟಿಯೊಳಗೆ ಎಮ್ಮೆಯ ಮೂಗಿನಿಂದ ಹೊಗೆಯಂಥ ಉಸಿರು ಬರುತ್ತಿತ್ತು. ಆ ಹೊತ್ತಿನಲ್ಲಿ ಅಕ್ಕ ಔರಾದಿನ ಬಸ್ಸು ಹಿಡಿಯಬೇಕಿತ್ತು. ನಮ್ಮೂರಿನ ಶಾಲೆ ಏಳನೆಯ ಇಯತ್ತೆಗೇ ಮುಗಿಯುತ್ತಿತ್ತು. ಬಸ್ಸಿನ ಕಿಟಕಿಗಳಿಗೆ ಗಾಜು ಇರುತ್ತಿರಲಿಲ್ಲ, ಹರಿದ ತಾಡಪತ್ರಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಹಿಂದಿನ ವರ್ಷ ಹಾಗೆ ಹೋಗಿ ಬಂದೇ ಅಕ್ಕನಿಗೆ ಕೆಮ್ಮು ಹಿಡಿದು ಯುಗಾದಿಯವರೆಗೂ ಬಿಟ್ಟಿರಲಿಲ್ಲ. ಅವಳು ಕೆಮ್ಮುವಾಗ ಅಪ್ಪ ಎದ್ದು ಕೂತು ಅವಳ ಬೆನ್ನು ನೀವುತ್ತಿದ್ದ.

ಅದಕ್ಕೇ ಆ ವರ್ಷ ಥಂಡಿ ಶುರುವಾಗುತ್ತಿದ್ದಂತೆ ಅಪ್ಪ ಹೇಳಿಬಿಟ್ಟ: "ಥಂಡಿ ಕಳಿಯೂತನಕ ಸಾಲಿ ಬ್ಯಾಡ. ಆಮ್ಯಾಲ ನೋಡೋಣ."

ಅಕ್ಕ ಪುಸ್ತಕದ ಚೀಲವನ್ನು ಗೂಟಕ್ಕೆ ತೂಗು ಹಾಕಿ ಜೋಳ ಹಸನು ಮಾಡಲು ಕೂತಳು. ನನಗೆ ಮಾತ್ರ ಆ 'ಆಮ್ಯಾಲ ನೋಡೋಣ' ಎಂಬ ಮಾತಿನ ಮೇಲೆ ನಂಬಿಕೆ ಬರಲಿಲ್ಲ. ನಮ್ಮ ಓಣಿಯಲ್ಲಿ ಹಾಗೆ ಥಂಡಿಗೆಂದು ಶಾಲೆ ಬಿಟ್ಟ ಹುಡುಗಿಯರಿದ್ದರು. ಥಂಡಿ ಹೋಗಿ ಬೇಸಿಗೆ ಬಂದಿತ್ತು, ಹುಡುಗಿಯರು ತಿರುಗಿ ಶಾಲೆಗೆ ಹೋಗಿರಲಿಲ್ಲ. ಇದು ಪುರಾವೆಯಲ್ಲವೇ?

ಊಟಕ್ಕೆ ಕೂತಾಗ ಅಪ್ಪನನ್ನು ಹಿಡಿದೆ. "ಅಪ್ಪಾ, ಅಕ್ಕ ಸಾಲಿಗಿ ಯಾಕ ಹೋಗಬಾರದು?"

"ಥಂಡಿ ಅದಕ್ಕ."

"ಬ್ಯಾರೆ ಕಾರಣ ಏನೂ ಇಲ್ಲೇನು?"

"ಬ್ಯಾರೆ ಏನದ? ಇಲ್ಲ."

"ಹಂಗಾದ್ರ ಥಂಡಿ ಹತ್ತಲಾರದಂಥ ಬಟ್ಟಿ ಸಿಕ್ರ ಹೋಗ್ತಾಳ, ಹೌದಿಲ್ಲೋ?"

ಅಪ್ಪ ತುತ್ತು ಕೈಯಲ್ಲೇ ಹಿಡಿದು ನನ್ನನ್ನೇ ನೋಡಿದ. ಬಲೆಗೆ ಬಿದ್ದದ್ದು ಅವನಿಗೆ ಗೊತ್ತಾಗಿತ್ತು. "ಖರೇನೇ ಬೆಚ್ಚಗಿರಬೇಕು. ನನ್ನ ಕಿಸೆನೂ ಒಪ್ಪಬೇಕು. ಎರಡೂ ಆದ್ರ ಹೋಗಲಿ" ಎಂದ. ಅಕ್ಕ ಒಲೆಯ ಕಡೆ ಮುಖ ತಿರುಗಿಸಿ ನಕ್ಕಳು.

ಆದರೆ ಎರಡೂ ಕೂಡಿ ಬರುವುದು ಸುಲಭವಿರಲಿಲ್ಲ. ಭಾಲ್ಕಿಯ ಅತ್ತೆ ಒಂದು ಹಳೆಯ ಸ್ವೆಟರ್ ಕಳಿಸಿದಳು. ಅದರೊಳಗಿಂದ ಅಕ್ಕನ ಕುಪ್ಪಸದ ಹೂವು ಎಣಿಸಬಹುದಿತ್ತು, ಅಷ್ಟು ಸವೆದಿತ್ತು. ಔರಾದಿನ ಸಂತೆಯಲ್ಲಿ ಹೊಸ ಸ್ವೆಟರ್‌ಗಳಿದ್ದವು, ಅವುಗಳ ಬೆಲೆ ಕೇಳಿಯೇ ಅಪ್ಪ ಹಿಂದೆ ಸರಿದ. ಕಡೆಗೊಂದು ರಜೆಯ ದಿನ, "ನಡೀರಿ, ಬೀದರಕ್ಕ ಹೋಗಿ ಬರೋಣ. ಅಲ್ಲೂ ಸಿಗಲಿಲ್ಲಂದ್ರ ಮುಗೀತು ನೋಡು, ಮತ್ತ ವಾದ ಮಾಡಬ್ಯಾಡ" ಎಂದು ನಮ್ಮಿಬ್ಬರನ್ನೂ ಕರೆದುಕೊಂಡು ಹೊರಟ.

ಬೀದರ ಅಂದರೆ ನನಗೆ ವಾಸನೆಗಳ ಊರು. ಅತ್ತರಿನ ವಾಸನೆ, ಕುದಿಯುವ ಚಹಾದ ವಾಸನೆ, ಟಾಂಗಾದ ಕುದುರೆಯ ವಾಸನೆ. ಊರ ನಡುವಿನ ಚೌಬಾರ ಗೋಪುರದ ಸುತ್ತಲಿನ ಬಟ್ಟೆ ಅಂಗಡಿಗಳನ್ನು ಒಂದೊಂದಾಗಿ ಹತ್ತಿ ಇಳಿದೆವು. ಬೆಚ್ಚಗಿದ್ದದ್ದು ಕಿಸೆ ಒಪ್ಪಲಿಲ್ಲ, ಕಿಸೆ ಒಪ್ಪಿದ್ದು ಬೆಚ್ಚಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಸಣ್ಣ ಅಂಗಡಿ ಉಳಿದಿತ್ತು. ಬಿಳಿ ಗಡ್ಡದ ಚಾಚಾ ಗಿರಾಕಿ ಇಲ್ಲದೆ ಆಕಳಿಸುತ್ತ ಕೂತಿದ್ದರು.

"ಬರ್ರಿ ಮಾಲಕ್, ಬರ್ರಿ" ಎಂದು ಎದ್ದವರು ಎರಡು ಅಂಗಿ ತೆಗೆದು ಹಾಸಿದರು. ಒಂದು ಖಾಕಿ ಬಣ್ಣದ್ದು, ಗೋಣಿಯಂತೆ ದಪ್ಪ. ಇನ್ನೊಂದು ಕೆಂಪು-ಕಪ್ಪು ಚೌಕಡಿಯದು. ಮುಟ್ಟಿದರೆ ಈಗಷ್ಟೇ ಹುಟ್ಟಿದ ಕರುವಿನ ಕಿವಿಯ ಹಾಗೆ ಮೆತ್ತಗೆ, ಮೇಲೆಲ್ಲ ಸಣ್ಣ ತುಪ್ಪಳ. "ಇದು ಫಲಾಲೈನ್. ಪಹಾಡದ, ಗುಡ್ಡದ ಮ್ಯಾಲಿನ ಮಂದಿ ಹಾಕೋತಾರ" ಎಂದರು. ಈಗ ನೀವು ಫ್ಲಾನೆಲ್ ಅನ್ನುತ್ತೀರಲ್ಲ, ಅದೇ.

ಅಪ್ಪ ಎರಡೂ ಅಂಗಿಗಳನ್ನು ಎರಡು ಕೈಯಲ್ಲಿ ಹಿಡಿದು ತೂಗಿದ. ನಮ್ಮ ಕಡೆಯ ರೂಢಿ ಅದು. ಕಂಬಳಿ ಇರಲಿ, ಕೌದಿ ಇರಲಿ, ಕೈಗೆ ಭಾರ ಬಿದ್ದರೇ ಬೆಚ್ಚಗೆ ಎಂದು ಲೆಕ್ಕ. ಜೋಳ ತೂಗುವ ರೈತ ಬಟ್ಟೆಯನ್ನೂ ತೂಗುತ್ತಿದ್ದ. "ಖಾಕಿನೇ ಖರೆ. ಈ ಚೌಕಡಿ ಹತ್ತಿ ಉಂಡಿ ಇದ್ದಂಗ ಹಗುರ ಅದ. ಇದೇನು ಥಂಡಿ ತಡೀತದ?" ಎಂದ.

ನನ್ನ ನಾಲಗೆ ತಡೆಯಲಿಲ್ಲ. "ತೂಕಕ್ಕೂ ಬೆಚ್ಚಗಿರೋದಕ್ಕೂ ಸಂಬಂಧ ಅದ ಅಂತ ಪುರಾವೆ ಏನು? ಕಲ್ಲು ಭಾರ ಅದ, ಕಲ್ಲು ಹೊತ್ಕೊಂಡು ಮಲಗ್ತಾರೇನು?"

ಚಾಚಾ ತೊಡೆ ತಟ್ಟಿಕೊಂಡು ನಕ್ಕರು. "ವಕೀಲ ಸಾಬ್ ಬಂದಾರ! ಹಂಗಾದ್ರ ನೀನೇ ಸಾಬೀತು ಮಾಡು ಬೇಟಾ."

ಎದುರಿಗೆ ಭಜಿಯ ಬಂಡಿ ಇತ್ತು. ಬಾಣಲೆಯಿಂದ ಆಗಷ್ಟೇ ತೆಗೆದ ಎರಡು ಮಿರ್ಚಿ ಭಜಿ ತಂದೆ. ಎರಡನ್ನೂ ಪೇಪರಿನಲ್ಲಿ ಸುತ್ತಿ, ಒಂದನ್ನು ಖಾಕಿ ಅಂಗಿಯೊಳಗೆ, ಒಂದನ್ನು ಚೌಕಡಿ ಅಂಗಿಯೊಳಗೆ ಕಟ್ಟಿದೆ. ಅಕ್ಕ ಮೆಲ್ಲಗೆ, "ಎರಡಕ್ಕೂ ಅಷ್ಟಷ್ಟೇ ಮಡಿಕಿ ಹಾಕು. ಇಲ್ಲಂದ್ರ ಅಪ್ಪ ಒಪ್ಪಂಗಿಲ್ಲ" ಎಂದಳು. ಚಾಚಾ ಮಾತ್ರ, "ಎಣ್ಣಿ ಹುಷಾರ್" ಎಂದರು. "ಪೇಪರ್ ಅದರಿ ಚಾಚಾ" ಎಂದು ನಾನು ದೊಡ್ಡ ಪಂಡಿತನಂತೆ ಉತ್ತರಿಸಿದೆ.

ತೀರ್ಪುಗಾರ ಅಪ್ಪನೇ ಆಗಬೇಕು, ಅದೂ ಕಣ್ಣು ಮುಚ್ಚಿಕೊಂಡು ಎಂದು ನಾನು ಹಟ ಹಿಡಿದೆ. ಕಣ್ಣು ಬಿಟ್ಟರೆ ಖಾಕಿಯ ಕಡೆಗೇ ವಾಲುತ್ತಾನಲ್ಲ! ಅಪ್ಪ ಒಂದು ಕಪ್ ಚಹಾ ನಿಧಾನವಾಗಿ ಕುಡಿದು ಮುಗಿಸಿದ. ಅಷ್ಟರಲ್ಲಿ ಅಂಗಡಿಯ ಮುಂದೆ ದಾರಿಹೋಕರು ನಿಂತರು. ಒಬ್ಬರು ಯಾಕೆಂದು ಕೇಳಿದರೆ ಇನ್ನೊಬ್ಬರು, "ಅಂಗಿಯೊಳಗ ಭಜಿ ಮಲಗ್ಯಾವ, ಸುಮ್ನಿರ್ರಿ" ಎಂದರು. ಕಮಲನಗರದ ಕಡೆಯವರೊಬ್ಬರು ಮರಾಠಿಯಲ್ಲಿ ಏನೋ ಕೇಳಿ ನಕ್ಕು, ಅವರೂ ನಿಂತರು.

ಚಾಚಾ ತಮ್ಮ ಅಂಗೈಯಿಂದ ಅಪ್ಪನ ಕಣ್ಣು ಮುಚ್ಚಿದರು. ನಾನು ಮೊದಲು ಖಾಕಿಯೊಳಗಿನ ಭಜಿ ಬಾಯಿಗೆ ಕೊಟ್ಟೆ. ಅಪ್ಪ ಆರಾಮಾಗಿ ಅಗಿದ. "ಆರ್‍ಯಾದ" ಎಂದ. ಆಮೇಲೆ ಎರಡನೆಯದು. ಕಚ್ಚಿದ್ದೇ ತಡ, "ಹಾ... ಹಾ... ಹಾ!" ಎಂದು ಬಾಯಿ ತೆರೆದು ಕುಣಿದುಬಿಟ್ಟ. ಬಾಯಿಯಿಂದ ಹಬೆ ಬಂತು. ಬೀದಿಗೆ ಬೀದಿಯೇ ನಕ್ಕಿತು. ಮೆಣಸಿನಕಾಯಿಯದೋ ಬಿಸಿಯದೋ, ಅಪ್ಪನ ಕಣ್ಣಲ್ಲಿ ನೀರು. "ಗೆದ್ದಿ ಬಿಡಪ್ಪ ನೀ" ಎಂದ.

ನಾನು ಗೆದ್ದವನ ಠೀವಿಯಲ್ಲಿ ಚೌಕಡಿ ಅಂಗಿಯನ್ನು ಮೇಲೆತ್ತಿ ಝಾಡಿಸಿದೆ. ಆಗ ಕಂಡಿತು. ಕಾಲರಿನ ಕೆಳಗೆ, ಬೆನ್ನಿನ ಮೇಲೆ, ಎಣ್ಣೆಯ ಕಲೆ. ಪೇಪರು ನೆನೆದು ಹರಿದಿತ್ತು. ಖಾಕಿಗೆ ಏನೂ ಆಗಿರಲಿಲ್ಲ; ಇದರಲ್ಲಿ ಬಿಸಿ ಉಳಿದಿತ್ತಲ್ಲ, ಅದಕ್ಕೇ ಎಣ್ಣೆ ತೆಳ್ಳಗೇ ಉಳಿದು ಹರಿದುಬಂದಿತ್ತು. ನನ್ನ ಪುರಾವೆಯೇ ನನ್ನ ಮೇಲೆ ಸಾಕ್ಷಿ ಹೇಳುತ್ತಿತ್ತು.

ನಗು ನಿಂತಿತು. ಚಾಚಾ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದರು. ಅಕ್ಕ ನನ್ನ ಅಂಗಿಯ ಚುಂಗು ಹಿಡಿದು ನಿಂತಿದ್ದಳು. ಬೆಲೆ ಇನ್ನೂ ಕೇಳಿಯೇ ಇರಲಿಲ್ಲ, ಈಗ ದಂಡ ಬೇರೆ. ಅವಳ ಶಾಲೆ ಆ ಕಲೆಯೊಳಗೆ ಕರಗಿಹೋಗುವುದನ್ನು ನಾವಿಬ್ಬರೂ ನೋಡುತ್ತಿದ್ದೆವು.

ಅಪ್ಪ ಕಿಸೆಗೆ ಕೈ ಹಾಕಿದ. "ಹಾಳು ಮಾಡಿದವರು ನಾವು. ನಾವೇ ತಗೋತೇವ್ರಿ. ಕಿಮ್ಮತ್ತು ಎಷ್ಟದ ಅಷ್ಟು ಹೇಳ್ರಿ. ಈಗ ಇದ್ದಷ್ಟು ಕೊಡ್ತೇನಿ, ಉಳದದ್ದು ತೊಗರಿ ಬಂದ ಮ್ಯಾಲ."

ಚಾಚಾ ಉತ್ತರ ಕೊಡುವ ಮೊದಲೇ ಹಿಂದೆ ನಿಂತಿದ್ದ ಕಮಲನಗರದವರು, "ಅಂಥಾದು ಇನ್ನೊಂದು ಅದೇನ್ರಿ?" ಎಂದರು. ಇನ್ನೊಬ್ಬರು, "ನಂಗೂ ತೋರಸ್ರಿ, ಭಜಿ ಇಲ್ಲದ್ದು" ಎಂದರು. ಮತ್ತೆ ನಗು. ಅಷ್ಟು ದಿನ ಕೆಳಗಿನ ಖಾನೆಯಲ್ಲಿ ಬಿದ್ದಿದ್ದ ಚೌಕಡಿ ಅಂಗಿಗಳು ಒಂದೊಂದೇ ಮೇಲೆ ಬಂದವು.

"ನೋಡ್ರಿ ಮಾಲಕ್" ಎಂದರು ಚಾಚಾ, "ಕಲಿ ಬಿದ್ದ ಮಾಲಿಗೆ ಪೂರಾ ಕಿಮ್ಮತ್ತು ತಗೊಂಡ್ರ ನಾ ಎಂಥಾ ವ್ಯಾಪಾರಿ?"

"ಕಲಿ ಹಾಕಿದವನ ಅಪ್ಪ ಪೂರಾ ಕೊಡಲಿಲ್ಲಂದ್ರ ನಾ ಎಂಥಾ ಮನಶ್ಯಾ?" ಎಂದ ಅಪ್ಪ.

ಇಂಥ ಚೌಕಾಶಿಯನ್ನು ಮತ್ತೆಲ್ಲೂ ನಾನು ನೋಡಿಲ್ಲ. ಕೊಳ್ಳುವವನು ಏರಿಸುತ್ತಿದ್ದ, ಮಾರುವವರು ಇಳಿಸುತ್ತಿದ್ದರು. ಕೊನೆಗೆ ಚಾಚಾ, "ನಿಮ್ಮ ಹುಡುಗ ನನ್ನ ದುಕಾನಿಗೆ ಗಿರಾಕಿ ಕರದಾನ. ಆ ಮಜೂರಿ ಇದರಾಗ ವಜಾ" ಎಂದು ಅಪ್ಪನ ಕಿಸೆ ಒಪ್ಪುವ ಬೆಲೆಗೇ ಗಂಟು ಕಟ್ಟಿದರು. ಕಟ್ಟುವಾಗ ಒಂದು ಮಾತು ಕೇಳಿದರು: "ಅಂಗಿ ಯಾರಿಗಿ? ವಕೀಲಗೇನು?"

"ಇಲ್ರಿ, ಇವಳಿಗಿ" ಎಂದ ಅಪ್ಪ.

ಚಾಚಾನ ಕೈ ನಿಂತಿತು. "ಇದು ಗಂಡಸರ ಅಂಗಿ. ಹುಡುಗಿ ಹ್ಯಾಂಗ ಹಾಕೋತಾಳ?"

ಅಪ್ಪನೂ ಅನುಮಾನಿಸಿದ. ಹೌದಲ್ಲ, ಮಂದಿ ಏನಂದಾರು? ನಾನು ಬಾಯಿ ತೆರೆಯುವಷ್ಟರಲ್ಲಿ, ಹೊರಗೆ ಎಂದೂ ತುಟಿ ಬಿಚ್ಚದ ಅಕ್ಕ ತಲೆ ಎತ್ತಿದಳು.

"ನಾ ಹುಡುಗಿ ಅಂತ ಥಂಡಿಗಿ ಗೊತ್ತಾಗ್ತದೇನ್ರಿ ಚಾಚಾ?"

ಚಾಚಾ ಗಂಟು ಕಟ್ಟಿ ಅವಳ ಕೈಗೇ ಕೊಟ್ಟರು. ಆಮೇಲೆ ಎಷ್ಟೋ ವೇದಿಕೆ ಹತ್ತಿ ಇಳಿದೆ, ಅಷ್ಟು ಸಣ್ಣ, ಅಷ್ಟು ಗಟ್ಟಿ ವಾದ ನನ್ನಿಂದ ಆಗಲೇ ಇಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಸಂಜೆಯ ಗಾಳಿ ಕೊರೆಯುತ್ತಿತ್ತು. "ಹಾಕ್ಕೋ" ಎಂದ ಅಪ್ಪ. ಹೊಸ ಬಟ್ಟೆಯನ್ನು ಅರಿಷಿಣ ಹಚ್ಚದೆ ಮೈಗೆ ಹಾಕುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಹಾಗಾಗಿ ಅಕ್ಕ ಅದನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈ ಅದರೊಳಗೆ ತೂರಿಸಿ ಕೂತಳು. ಒಂದು ತೋಳಿನೊಳಗೆ ನನ್ನ ಕೈಯನ್ನೂ ಎಳೆದುಕೊಂಡಳು. ಸಂತಪುರ ದಾಟುವ ಹೊತ್ತಿಗೆ ಅವಳು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಅಂಗಿಯಿಂದ ಮಿರ್ಚಿ ಭಜಿಯ ಘಮ ಬರುತ್ತಿತ್ತು.

ಮನೆಯಲ್ಲಿ ಅವ್ವ ಅಂಗಿ ಬಿಚ್ಚಿ ನೋಡಿದಳು. ಕಲೆ ಅವಳ ಕಣ್ಣಿಗೆ ಬಿತ್ತು. ಪ್ರತಿ ಹೊಸ ಬಟ್ಟೆಯ ಮೂಲೆಗೆ ಅರಿಷಿಣ ಹಚ್ಚುವವಳು ಅವತ್ತು ಮೂಲೆ ಬಿಟ್ಟು, ಕಾಲರಿನ ಕೆಳಗೆ, ಸರಿಯಾಗಿ ಆ ಕಲೆಯ ಮೇಲೆ ಬೆರಳೊತ್ತಿದಳು. ಎಣ್ಣೆಯ ಕಲೆ ಹೋಗಿ ಅರಿಷಿಣದ ಬೊಟ್ಟಾಯಿತು. ಇನ್ನು ಯಾರು ನೋಡಿದರೂ ಹೊಸ ಅಂಗಿ ಎಂದೇ ಅನ್ನಬೇಕು.

ಈ ಅರಿಷಿಣದ ಮೇಲೆ ನನಗೂ ಅವ್ವನಿಗೂ ಹಳೆಯ ಜಗಳವಿತ್ತು. ಅಭ್ಯಾಸಬಲದಿಂದ ಕೇಳಿಯೇಬಿಟ್ಟೆ: "ಅವ್ವಾ, ಅರಿಷಿಣ ಹಚ್ಚಿದ್ರ ಬಟ್ಟಿಗಿ ಏನಾಗ್ತದ?"

"ಏನಾಗ್ತದ? ಇಷ್ಟೊತ್ತನಕ ಬಜಾರದ್ದಿತ್ತು. ಈಗ ನಮ್ಮದಾಯ್ತು" ಎಂದಳು ಅವ್ವ.

ಮರುದಿನ ಮಂಜಿನಲ್ಲಿ ಅಕ್ಕ ಲಂಗದ ಮೇಲೆ ಕೆಂಪು ಚೌಕಡಿ ಅಂಗಿ ತೊಟ್ಟು, ತೋಳು ಮಡಚಿ, ಬಸ್ಸಿಗೆ ಹೋದಳು. ಯಾರೋ ಹಿಂದಿನಿಂದ "ಪೈಲ್ವಾನ್ ಬಂದಳು" ಎಂದರಂತೆ. "ಹೌದು, ಬಾ ಕುಸ್ತಿಗಿ" ಎಂದಳಂತೆ ಇವಳು. ಆ ವರ್ಷ ಕೆಮ್ಮು ಬರಲಿಲ್ಲ. ಅದಕ್ಕೆ ಅಂಗಿಯೇ ಕಾರಣವೆಂದು ನಾನು ಸಾಬೀತು ಮಾಡಲಾರೆ. ಆದರೆ ಅವಳು ಶಾಲೆ ಬಿಡಲಿಲ್ಲ, ಅದಂತೂ ಖರೆ. ಮುಂದೆ ಭಾಲ್ಕಿಯಲ್ಲಿ ಎಷ್ಟೋ ವರ್ಷ ಮಕ್ಕಳಿಗೆ ಪಾಠ ಹೇಳಿದ, ಈಗಲೂ ಫೋನಿನಲ್ಲಿ ನನ್ನನ್ನು ಬಯ್ಯುವ, ನನ್ನ ಮೊಮ್ಮಕ್ಕಳ ದೊಡ್ಡಜ್ಜಿ ಅವಳೇ.

ಈಗ ನಿಮ್ಮ ಕಾಲ. ಮೊನ್ನೆ ನನ್ನ ಮೊಮ್ಮಗಳಿಗೆ ಫ್ಲಾನೆಲ್ ಅಂಗಿ ಬೇಕಾಯಿತು. ಬೀದರಕ್ಕೆ ಹೋಗಲಿಲ್ಲ, ಅಂಗಡಿ ಹತ್ತಲಿಲ್ಲ. ಫೋನಿನಲ್ಲಿ ಬೆರಳಾಡಿಸಿದಳು, ಡಬ್ಬಿ ಮನೆಗೇ ಬಂತು. ಹುಡುಗರದೋ ಹುಡುಗಿಯರದೋ ಎಂದು ಯಾರೂ ಕೇಳಲೂ ಇಲ್ಲ. ಇದು ನನಗೆ ಬಹಳ ಹಿಡಿಸಿತು. "ಬೆಚ್ಚಗದ ಅಂತ ಹ್ಯಾಂಗ ಗೊತ್ತು?" ಎಂದೆ. "ಎಷ್ಟೋ ಮಂದಿ ಹಂಗಂತ ಬರದಾರ ಅಜ್ಜಾ" ಎಂದಳು. "ಆ ಮಂದಿ ಯಾರು? ಅವರೂರಾಗ ಥಂಡಿ ಎಷ್ಟದ?" ಎಂದೆ. ಭಜಿಯ ಕತೆಯನ್ನು ನನ್ನಿಂದ ನೂರು ಸಲ ಕೇಳಿದ್ದ ಅವಳು ನನ್ನನ್ನು ದುರುಗುಟ್ಟಿ ನೋಡಿ ಅಡುಗೆಮನೆಗೆ ಹೋದಳು. ಹಂಚಿನ ಮೇಲಿನ ಬಿಸಿ ರೊಟ್ಟಿಯನ್ನು ಸ್ಟೀಲ್ ಡಬ್ಬಿಯೊಳಗೆ ಮುಚ್ಚಿ, ಅದನ್ನು ಹೊಸ ಅಂಗಿಯಲ್ಲಿ ಸುತ್ತಿ ತಂದು ನನ್ನ ಮುಂದಿಟ್ಟಳು. ಡಬ್ಬಿ! ನಮಗೆ ಅವತ್ತು ಅಷ್ಟು ಬುದ್ಧಿ ಇರಲಿಲ್ಲ.

ಅಷ್ಟರಲ್ಲಿ ಫೋನಿನೊಳಗೆ ಭಾಲ್ಕಿಯಿಂದ ಅಕ್ಕನ ಮುಖ ಮೂಡಿತು. ಅಂಗಿ ನೋಡಿದವಳೇ, "ಅರಿಷಿಣ ಹಚ್ಚೀರೇನು?" ಎಂದಳು.

"ಯಾಕ ಹಚ್ಚಬೇಕು ದೊಡ್ಡಜ್ಜಿ? ಪುರಾವೆ ಏನು?" ಎಂದಳು ಮೊಮ್ಮಗಳು. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಾ, ನೀ ಯಾರ ಪಕ್ಷ?" ಎಂದಳು.

ನಾನು ಅರಿಷಿಣದ ಡಬ್ಬಿ ಹುಡುಕಲು ಒಳಗೆ ಹೋದೆ.